ಕೈಕಾಲು ಬೀಳದ ಲಕ್ವ

ಅವತ್ತು ಬೆಳಿಗ್ಗೆ ಚಿಕ್ಕಪ್ಪ ಎಂದಿನಂತೆ ಐದಕ್ಕೇ ಎದ್ದರು. ಮುಖ ತೊಳೆದರು, ಹಸುವಿಗೆ ಹುಲ್ಲು ಹಾಕಿದರು, ಹಾಲು ಕರೆದು ಡೈರಿಗೆ ಹಾಕಿ ಬಂದರು. ಕಾಫಿ ತಂದ ಚಿಕ್ಕಮ್ಮನ ಹತ್ತಿರ ಏನೋ ಹೇಳಿದರು. ಮಾತು ಸರಾಗವಾಗಿತ್ತು. ದನಿ ಅವರದೇ, ಏರಿಳಿತವೂ ಅವರದೇ. ಆದರೆ ಹೇಳಿದ್ದಕ್ಕೆ ಅರ್ಥವೇ ಇರಲಿಲ್ಲ. "ಆ ಗೂಟಕ್ಕೆ ಬಸ್ಸು ಸುರಿದು ತೊಗಟಿ ಮಾಡು" ಅನ್ನುವಂಥ ಮಾತು. ಚಿಕ್ಕಮ್ಮ "ಏನಂದ್ರಿ?" ಅಂದರು. ಅವರು ಮತ್ತೆ ಅಂಥದ್ದೇ ಏನೋ ಹೇಳಿದರು, ಈ ಸಲ ಸ್ವಲ್ಪ ಸಿಟ್ಟಿನಿಂದ. ಬಾಗಿಲು ಹಾಕಿ ಅಂದರೆ ಸುಮ್ನೆ ಮುಖ ನೋಡಿದರು. ಕೂತ್ಕೊಳ್ಳಿ ಅಂದರೆ ನಿಂತೇ ಇದ್ದರು.

ಮಂಡ್ಯ ಕಡೆಯ ಹಳ್ಳಿ ಅದು. ಅರ್ಧ ಗಂಟೆಯಲ್ಲಿ ಬೀದಿಯ ಜನವೆಲ್ಲ ಸೇರಿದರು. ಗಾಳಿ ಸೋಕಿದೆ ಅಂದರು ಒಬ್ಬರು. ರಾತ್ರಿ ಗದ್ದೆ ಕಡೆ ಹೋಗಿದ್ದರಾ ಅಂತ ಕೇಳಿದರು ಇನ್ನೊಬ್ಬರು. ದೇವಸ್ಥಾನದಲ್ಲಿ ದಾರ ಕಟ್ಟಿಸಿದ್ದಾಯಿತು. ಲಕ್ವ ಇರಬಹುದಾ ಅಂತ ಒಬ್ಬ ಹುಡುಗ ಕೇಳಿದನಂತೆ. ಹಿರಿಯರು ಅವನನ್ನು ಸುಮ್ಮನಾಗಿಸಿದರು. "ಕೈಕಾಲು ಗಟ್ಟಿಯಾಗೇ ಇದೆಯಲ್ಲಪ್ಪ, ಈಗ ತಾನೇ ಹಾಲು ಕರೆದಿದ್ದಾರೆ!" ಮಧ್ಯಾಹ್ನ ಹತ್ತಿರದ ಕ್ಲಿನಿಕ್‌ಗೆ ಕರೆದುಕೊಂಡು ಹೋದರು. ಅಲ್ಲಿ ಬಿ.ಪಿ. ಜಾಸ್ತಿ ಇದೆ ಅಂತ ಮಾತ್ರೆ ಕೊಟ್ಟರು, ನಿದ್ದೆ ಬರಲಿ ಅಂತ ಇನ್ನೊಂದು ಕೊಟ್ಟರು. ನನಗೆ ಫೋನ್ ಬಂದದ್ದು ರಾತ್ರಿ. ಮರುದಿನ ಮೈಸೂರಿನಲ್ಲಿ ಸ್ಕ್ಯಾನ್ ಆಗುವ ಹೊತ್ತಿಗೆ 28 ಗಂಟೆ ಕಳೆದಿತ್ತು.

ಎಡಗಿವಿಯ ಮೇಲ್ಭಾಗದಲ್ಲಿ, ತಲೆಯೊಳಗೆ, ಒಂದು ರಕ್ತನಾಳದ ಕವಲು ಮುಚ್ಚಿಹೋಗಿತ್ತು. ಅದು ಲಕ್ವವೇ, ವೈದ್ಯರು ಸ್ಟ್ರೋಕ್ ಅನ್ನುವುದು. ಕೈಕಾಲನ್ನು ಮುಟ್ಟದೆ ಬಂದ ಲಕ್ವ.

ನಮ್ಮ ಪದಗಳ ಬಗ್ಗೆ ನಾನು ಆಮೇಲೆ ತುಂಬಾ ಯೋಚಿಸಿದ್ದೇನೆ. ಲಕ್ವ ಎಂಬುದು ಅರಬ್ಬಿಯಿಂದ ಬಂದ ಪದ. ಅಲ್ಲಿ ಅದಕ್ಕೆ ಮುಖ ಸೊಟ್ಟಗಾಗುವುದು ಎಂದು ಅರ್ಥ. ಪಾರ್ಶ್ವವಾಯು ಅಂದರೆ ಒಂದು ಮಗ್ಗುಲಿಗೆ ಬಡಿದ ವಾಯು. ಎರಡೂ ಪದಗಳು ಕಣ್ಣಿಗೆ ಕಾಣುವ ಮೈಯನ್ನು ನೋಡಿ ಹುಟ್ಟಿದವು. ಹಾಗಾಗಿ ನಾವು ಕೈ ಬೀಳುವುದನ್ನೇ ಕಾಯುತ್ತೇವೆ. ಕೈ ಬಿದ್ದ ಮೇಲೂ ಔಷಧಿ ಹಚ್ಚುವುದು ಕೈಗೇ. ಎಣ್ಣೆ ತಿಕ್ಕುತ್ತೇವೆ. ಪಾರಿವಾಳದ ರಕ್ತ ಹಚ್ಚುವವರು ಈಗಲೂ ಇದ್ದಾರೆ. ಕೈಯಲ್ಲಿ ಏನೂ ಕೆಟ್ಟಿರುವುದಿಲ್ಲ, ಅಲ್ವಾ? ಸ್ನಾಯು ಚೆನ್ನಾಗಿರುತ್ತದೆ, ಮೂಳೆ ಚೆನ್ನಾಗಿರುತ್ತದೆ. ಕೈಗೆ ಅಪ್ಪಣೆ ಕೊಡುವ ಜಾಗ ತಲೆಯೊಳಗೆ ಸಾಯುತ್ತಿರುತ್ತದೆ.

ಮೆದುಳಿನ ಯಾವ ಭಾಗ ಏನು ಕೆಲಸ ಮಾಡುತ್ತದೆ ಎಂಬುದನ್ನು ನಾವೆಲ್ಲ ಹೈಸ್ಕೂಲಿನಲ್ಲಿ ಚಿತ್ರ ಬರೆದು, ಹೆಸರು ಗುರುತಿಸಿ, ಮರೆತಿದ್ದೇವೆ. ಮಹಾಮಸ್ತಿಷ್ಕ, ಅನುಮಸ್ತಿಷ್ಕ, ಮೆಡುಲ್ಲಾ ಅಬ್ಲಾಂಗೇಟಾ. ಮೂರು ಅಂಕದ ಪ್ರಶ್ನೆ. ಅದೇ ಚಿತ್ರ ಮನೆಯಲ್ಲಿ ಒಂದು ಜೀವ ಉಳಿಸುತ್ತದೆ ಎಂದು ಯಾರೂ ಹೇಳಿಕೊಡಲಿಲ್ಲ. ಇಲ್ಲಿ ಆ ಚಿತ್ರವನ್ನು ಮತ್ತೆ ತೆಗೆಯುತ್ತಿದ್ದೇನೆ. ರಕ್ತ ನಿಂತರೆ ಯಾವ ಭಾಗದಲ್ಲಿ ಏನಾಗುತ್ತದೆ ಎಂಬ ಕಡೆಯಿಂದ ನೋಡೋಣ.

ಮೊದಲು ನೀರಿನ, ಅಂದರೆ ರಕ್ತದ, ಲೆಕ್ಕ. ಮೆದುಳಿನ ತೂಕ ಸುಮಾರು 1.3ರಿಂದ 1.4 ಕೆ.ಜಿ. ಮೈತೂಕದಲ್ಲಿ ಅದು ನೂರಕ್ಕೆ ಎರಡು ಪಾಲು. ಆದರೆ ದೇಹ ಸುಮ್ಮನೆ ಕೂತಿದ್ದಾಗ ಖರ್ಚಾಗುವ ಶಕ್ತಿಯಲ್ಲಿ ಸುಮಾರು 20 ಪಾಲು ಮೆದುಳಿಗೇ ಬೇಕು. ಮೈಯ ಬೇರೆ ಕಡೆ ಕೊಬ್ಬು, ಸಕ್ಕರೆ ಕೂಡಿಟ್ಟುಕೊಳ್ಳುವ ವ್ಯವಸ್ಥೆ ಇದೆ. ಮೆದುಳಿಗೆ ಅಂಥ ಕಣಜ ಇಲ್ಲವೆಂದೇ ಹೇಳಬಹುದು. ಆ ಕ್ಷಣದ್ದನ್ನು ಆ ಕ್ಷಣವೇ ರಕ್ತ ತಂದು ಕೊಡಬೇಕು. ಪೂರ್ತಿ ಮೆದುಳಿಗೆ ರಕ್ತ ನಿಂತರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಎಚ್ಚರ ತಪ್ಪುತ್ತದೆ.

ನಾಲ್ಕು ದೊಡ್ಡ ನಾಲೆಗಳು ಕತ್ತಿನ ಮೂಲಕ ಮೇಲೆ ಹೋಗುತ್ತವೆ. ಮುಂದುಗಡೆ ಎರಡು, ಕರೋಟಿಡ್ ನಾಳಗಳು. ಗಂಟಲಿನ ಪಕ್ಕದಲ್ಲಿ ಬೆರಳಿಟ್ಟರೆ ಮಿಡಿತ ಸಿಗುತ್ತದಲ್ಲ, ಅವೇ. ಹಿಂದುಗಡೆ ಎರಡು, ಕತ್ತಿನ ಮೂಳೆಗಳ ತೂತುಗಳಲ್ಲಿ ತೂರಿಕೊಂಡು ಹೋಗುವ ವರ್ಟೆಬ್ರಲ್ ನಾಳಗಳು. ಮೆದುಳಿನ ಬುಡದಲ್ಲಿ ಇವೆಲ್ಲ ಒಂದು ಬಳೆಯ ಹಾಗೆ ಕೂಡಿಕೊಳ್ಳುತ್ತವೆ. 1664ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಇದನ್ನು ವಿವರಿಸಿದ. ಇವತ್ತಿಗೂ ಅದಕ್ಕೆ ವಿಲ್ಲಿಸ್ ವೃತ್ತ ಎಂದೇ ಹೆಸರು. ಒಂದು ನಾಲೆ ನಿಧಾನವಾಗಿ ಕಟ್ಟಿಕೊಂಡರೆ ಬೇರೆ ನಾಲೆಯ ನೀರು ಈ ಬಳೆಯ ಮೂಲಕ ಬರಬಹುದು. ಆದರೆ ಬಳೆ ದಾಟಿದ ಮೇಲಿನ ಕವಲು ದಿಢೀರನೆ ಮುಚ್ಚಿದರೆ ಆ ಕವಲಿನ ಗದ್ದೆ ಒಣಗಲು ಶುರು.

ಗದ್ದೆ ಎಂದು ಸುಮ್ನೆ ಹೇಳುತ್ತಿಲ್ಲ. ವಿಶ್ವೇಶ್ವರಯ್ಯ ನಾಲೆ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ತೂಬು ಕಟ್ಟಿಕೊಂಡರೆ ನಡುವಿನ ಪಟ ಮೊದಲು ಬಿರುಕು ಬಿಡುತ್ತದೆ. ಅಂಚಿನ ಪಟಗಳಿಗೆ ಪಕ್ಕದ ಗದ್ದೆಯ ಬಸಿನೀರು ಒಂದಿಷ್ಟು ಸಿಗುತ್ತದೆ. ಪೈರು ಬಾಡಿರುತ್ತದೆ, ಸತ್ತಿರುವುದಿಲ್ಲ. ಮೆದುಳಿನಲ್ಲೂ ಹೀಗೆಯೇ. ಮುಚ್ಚಿದ ನಾಳದ ನಟ್ಟನಡುವಿನ ನರಕೋಶಗಳು ಕೆಲವೇ ನಿಮಿಷಗಳಲ್ಲಿ ಸಾಯುತ್ತವೆ. ಅದರ ಸುತ್ತಲಿನ ಭಾಗ ಕೆಲಸ ನಿಲ್ಲಿಸಿ, ಉಸಿರು ಹಿಡಿದುಕೊಂಡು ಕಾಯುತ್ತಿರುತ್ತದೆ. ಚಿಕಿತ್ಸೆಯೆಲ್ಲ ನಡೆಯುವುದು ಈ ಕಾಯುತ್ತಿರುವ ಅಂಚನ್ನು ಉಳಿಸಿಕೊಳ್ಳುವುದಕ್ಕೆ. ದೊಡ್ಡ ನಾಳವೊಂದು ಮುಚ್ಚಿದಾಗ ಸರಾಸರಿ ನಿಮಿಷಕ್ಕೆ 19 ಲಕ್ಷ ನರಕೋಶ ಸಾಯುತ್ತವೆ ಎಂದು ಅಮೆರಿಕದ ನರವೈದ್ಯ ಜೆಫ್ರಿ ಸೇವರ್ 2006ರಲ್ಲಿ ಲೆಕ್ಕ ಹಾಕಿದರು. ಗಂಟೆಗೆ ಸುಮಾರು 12 ಕೋಟಿ. ಚಿಕ್ಕಪ್ಪನ 28 ಗಂಟೆಯನ್ನು ನಾನು ಈ ಲೆಕ್ಕದಿಂದ ಗುಣಿಸಿ ನೋಡಿಲ್ಲ. ನೋಡುವ ಧೈರ್ಯ ಬಂದಿಲ್ಲ.

ಈಗ ಎಲ್ಲರಿಗೂ ಗೊತ್ತಿರುವ ಲಕ್ವದ ಜಾಗಕ್ಕೆ ಬರೋಣ. ಒಂದು ಕಿವಿಯಿಂದ ನಡುನೆತ್ತಿಯ ಮೂಲಕ ಇನ್ನೊಂದು ಕಿವಿಗೆ ಹೇರ್‌ಬ್ಯಾಂಡ್ ಹಾಕಿಕೊಂಡ ಹಾಗೆ ಊಹಿಸಿಕೊಳ್ಳಿ. ಹೆಚ್ಚುಕಡಿಮೆ ಅದರ ಅಡಿಯಲ್ಲೇ ಮಹಾಮಸ್ತಿಷ್ಕದ ಹೊರಪದರದಲ್ಲಿ ಒಂದು ಪಟ್ಟಿ ಇದೆ. ಮೈಯ ಪ್ರತಿ ಭಾಗದ ಚಲನೆಗೂ ಅಲ್ಲಿ ಒಂದೊಂದು ಜಾಗ. ಕಾಲಿನದು ನಡುನೆತ್ತಿಯ ಹತ್ತಿರ, ಎರಡು ಅರ್ಧಗೋಳಗಳ ನಡುವಿನ ಸಂದಿಯಲ್ಲಿ. ಕೈಯದು ಅದಕ್ಕಿಂತ ಕೆಳಗೆ. ಮುಖ, ನಾಲಿಗೆ ಇನ್ನೂ ಕೆಳಗೆ. ಬೆರಳು ಮತ್ತು ತುಟಿಗೆ ಬೆನ್ನಿಗಿಂತ ಎಷ್ಟೋ ಪಟ್ಟು ದೊಡ್ಡ ಜಾಗ ಕೊಟ್ಟಿದೆ. ಸೂಕ್ಷ್ಮವಾದ ಕೆಲಸ ಅವುಗಳದೇ ತಾನೇ? ಕೈ ಮತ್ತು ಮುಖದ ಜಾಗಕ್ಕೆ ರಕ್ತ ಕೊಡುವುದು ಮೆದುಳಿನ ನಡು ಅಪಧಮನಿ. ಹೆಚ್ಚಾಗಿ ಮುಚ್ಚಿಕೊಳ್ಳುವುದೂ ಅದೇ. ಆದ್ದರಿಂದಲೇ ಎಷ್ಟೋ ಜನರಲ್ಲಿ ಕಾಲಿಗಿಂತ ಕೈ ಜಾಸ್ತಿ ಬಿದ್ದುಹೋಗಿರುತ್ತದೆ, ಬಾಯಿ ಸೊಟ್ಟಗಾಗಿರುತ್ತದೆ.

ಈ ಪಟ್ಟಿಯಿಂದ ಹೊರಟ ನರದ ಎಳೆಗಳು ಕೆಳಗಿಳಿಯುತ್ತಾ ಒಂದೇ ಕಡೆ ಒತ್ತೊತ್ತಾಗಿ ಕೂಡುತ್ತವೆ. ಹುಲ್ಲಿನ ಹೊರೆಯನ್ನು ನಡುವಿನಲ್ಲಿ ಹಗ್ಗದಿಂದ ಬಿಗಿದ ಹಾಗೆ. ಮೇಲೆ ಪಟ್ಟಿಯಲ್ಲಿ ಸಣ್ಣ ಪೆಟ್ಟು ಬಿದ್ದರೆ ಕೈ ಮಾತ್ರ ಹೋಗಬಹುದು. ಅದೇ ಗಾತ್ರದ ಪೆಟ್ಟು ಹಗ್ಗ ಬಿಗಿದ ಜಾಗದಲ್ಲಿ ಬಿದ್ದರೆ ಮುಖ, ಕೈ, ಕಾಲು ಮೂರೂ ಹೋಗುತ್ತವೆ. ಸ್ಕ್ಯಾನಿನಲ್ಲಿ ಕಡಲೆಕಾಳಿನಷ್ಟು ಚುಕ್ಕೆ ಕಾಣುತ್ತದೆ, ಮನುಷ್ಯ ಏಳಲಾರ. ಇಷ್ಟು ಚಿಕ್ಕದಕ್ಕೆ ಇಷ್ಟು ದೊಡ್ಡ ಹೊಡೆತವಾ ಅಂತ ಮನೆಯವರು ಕೇಳುವುದು ಇದಕ್ಕೇ. ಇನ್ನೂ ಕೆಳಗೆ, ಮೆಡುಲ್ಲಾದಲ್ಲಿ, ಈ ಎಳೆಗಳಲ್ಲಿ ಹೆಚ್ಚಿನವು ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ ದಾಟಿಕೊಳ್ಳುತ್ತವೆ. ಎಡಮೆದುಳು ಕೆಟ್ಟರೆ ಬಲಗೈ ಬೀಳುವುದು ಹೀಗೆ.

ಮುಖದ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ಹಣೆಯ ಸ್ನಾಯುಗಳಿಗೆ ಮೆದುಳಿನ ಎರಡೂ ಕಡೆಯಿಂದ ಅಪ್ಪಣೆ ಬರುತ್ತದೆ. ಕೆಳಮುಖಕ್ಕೆ ಮುಖ್ಯವಾಗಿ ಎದುರುಗಡೆಯಿಂದ ಮಾತ್ರ. ಹಾಗಾಗಿ ಮೆದುಳಿನ ಮೇಲ್ಭಾಗದ ಸ್ಟ್ರೋಕ್‌ನಲ್ಲಿ ಬಾಯಿ ಸೊಟ್ಟಗಾದರೂ ಎರಡೂ ಹುಬ್ಬು ಏರಿಸಲು ಬರುತ್ತದೆ. ಕಿವಿಯ ಹತ್ತಿರ ಹಾದುಹೋಗುವ ಮುಖದ ನರವೇ ಊದಿಕೊಂಡರೆ ಬರುವ ಬೆಲ್ಸ್ ಪಾಲ್ಸಿಯಲ್ಲಿ ಹಣೆಯೂ ಮಡಚುವುದಿಲ್ಲ, ಆ ಕಡೆಯ ಕಣ್ಣೂ ಮುಚ್ಚುವುದಿಲ್ಲ. ಈ ಎರಡನೆಯದು ಹೆಚ್ಚಿನವರಲ್ಲಿ ಕೆಲವು ವಾರ, ತಿಂಗಳುಗಳಲ್ಲಿ ತಾನಾಗೇ ಸರಿಹೋಗುತ್ತದೆ. ಊರಿನ ಔಷಧಿಯಿಂದ ಲಕ್ವ ವಾಸಿಯಾಯಿತು ಎಂಬ ಎಷ್ಟೋ ಕಥೆಗಳ ಹಿಂದೆ ಇಂಥ ಮುಖದ ನರದ ತೊಂದರೆ ಇರುತ್ತದೆ ಎಂದೇ ನನಗನಿಸುತ್ತದೆ. ಆ ಕಥೆ ಕೇಳಿ ನಿಜವಾದ ಸ್ಟ್ರೋಕ್ ಆದವರೂ ಅದೇ ಬಾಗಿಲಿಗೆ ಹೋಗುತ್ತಾರೆ. ಹಣೆ ನೋಡಿ ಮನೆಯಲ್ಲೇ ತೀರ್ಮಾನ ಮಾಡಬೇಡಿ. ಮೆದುಳಿನ ಬುಡದಲ್ಲಿರುವ ಕಾಂಡದಲ್ಲಿ ಪೆಟ್ಟು ಬಿದ್ದರೂ ಹಣೆ ಹೋಗಬಹುದು. ಮುಖ ಸೊಟ್ಟಗಾದರೆ ಆಸ್ಪತ್ರೆಗೆ ಹೋಗಿ, ಅಷ್ಟೇ.

ಇನ್ನು ಮಾತಿನ ಜಾಗ. ಚಿಕ್ಕಪ್ಪನ ಕಾರಣಕ್ಕೆ ನಾನು ಹೆಚ್ಚು ಓದಿದ್ದು ಇದನ್ನೇ.

1861ರಲ್ಲಿ ಪ್ಯಾರಿಸ್ ಹತ್ತಿರದ ಬಿಸೆತ್ರ್ ಆಸ್ಪತ್ರೆಯಲ್ಲಿ ಲೆಬೊರ್ನ್ ಎಂಬ 51 ವರ್ಷದ ರೋಗಿ ತೀರಿಕೊಂಡ. ಅವನ ಬಾಯಲ್ಲಿ ವರ್ಷಗಟ್ಟಲೆ ಬರುತ್ತಿದ್ದದ್ದು ಟಾನ್ ಎಂಬ ಒಂದೇ ಸದ್ದು. ಬೇರೆಯವರು ಹೇಳಿದ್ದು ಅವನಿಗೆ ಬಹುಮಟ್ಟಿಗೆ ತಿಳಿಯುತ್ತಿತ್ತು. ಶಸ್ತ್ರವೈದ್ಯ ಪಾಲ್ ಬ್ರೋಕಾ ಅವನ ಮೆದುಳನ್ನು ತೆಗೆದು ನೋಡಿದರೆ ಎಡ ಮುಂಭಾಗದ ಒಂದು ಜಾಗ ಹಾಳಾಗಿತ್ತು. ಮಾತನ್ನು ಹೊರಗೆ ತರುವ ಜಾಗ ಅದು. ಅಲ್ಲಿ ಪೆಟ್ಟು ಬಿದ್ದವರಿಗೆ ಹೇಳಬೇಕಾದ್ದು ಗೊತ್ತಿರುತ್ತದೆ, ಪದ ಬರುವುದಿಲ್ಲ. ಬಂದರೂ ತುಂಡುತುಂಡು. "ನಾನು... ಮನೆ... ಬಸ್ಸು..." ಎನ್ನುತ್ತಾರೆ. ನಾವು ಯೋಚಿಸದೆ ಸೇರಿಸುವ ಗೆ, ಇಂದ, ಅಲ್ಲಿ, ಕ್ರಿಯಾಪದದ ಕೊನೆಯ ಏನೆ, ಏವೆ, ಅವೇ ಕೈಕೊಡುತ್ತವೆ. ಪ್ರತ್ಯಯಗಳ ಮೇಲೆ ನಿಂತಿರುವ ಕನ್ನಡದಂಥ ಭಾಷೆಯಲ್ಲಿ ಇದು ಎಷ್ಟು ದೊಡ್ಡ ನಷ್ಟ ಎಂದು ಒಂದು ವಾಕ್ಯ ಬಿಡಿಸಿ ನೋಡಿದರೆ ತಿಳಿಯುತ್ತದೆ.

ಹದಿಮೂರು ವರ್ಷದ ನಂತರ, 1874ರಲ್ಲಿ, 26 ವರ್ಷದ ಜರ್ಮನ್ ವೈದ್ಯ ಕಾರ್ಲ್ ವೆರ್ನಿಕೆ ಇದಕ್ಕೆ ತದ್ವಿರುದ್ಧವಾದ ರೋಗಿಗಳ ಬಗ್ಗೆ ಬರೆದ. ಇವರು ತಡೆಯಿಲ್ಲದೆ ಮಾತಾಡುತ್ತಾರೆ. ವಾಕ್ಯದ ರಾಗ ಸರಿಯಾಗೇ ಇರುತ್ತದೆ, ಒಳಗೆ ತಿರುಳಿಲ್ಲ. ಬೇರೆಯವರ ಮಾತೂ ತಿಳಿಯುವುದಿಲ್ಲ. ಇದು ಎಡಗಿವಿಯ ಮೇಲೆ, ಸ್ವಲ್ಪ ಹಿಂದಕ್ಕೆ ಇರುವ ಜಾಗ. ಮಾತನ್ನು ಅರ್ಥವಾಗಿಸುವ ಜಾಗ. ಬ್ರೋಕಾನ ಜಾಗ ಕೈಯ ಪಟ್ಟಿಗೆ ಹತ್ತಿರ. ಅಲ್ಲಿ ರಕ್ತ ನಿಂತರೆ ಸಾಮಾನ್ಯವಾಗಿ ಬಲಗೈಯೂ ಬೀಳುತ್ತದೆ, ಜನ ಎಚ್ಚೆತ್ತುಕೊಳ್ಳುತ್ತಾರೆ. ವೆರ್ನಿಕೆಯ ಜಾಗ ದೂರ. ಅಲ್ಲಿ ಪೆಟ್ಟಾದವನು ಹಾಲು ಕರೆಯಬಲ್ಲ, ಡೈರಿಗೆ ನಡೆಯಬಲ್ಲ. ತಾನು ತಪ್ಪು ಮಾತಾಡುತ್ತಿದ್ದೇನೆ ಎಂದು ಅವನಿಗೇ ಗೊತ್ತಾಗದಿರಬಹುದು. ನೋಡುವವರಿಗೆ ಅದು ಹುಚ್ಚಿನ ಹಾಗೆ, ಕುಡಿದ ಹಾಗೆ, ದೆವ್ವ ಹಿಡಿದ ಹಾಗೆ ಕಾಣುತ್ತದೆ. ನಮ್ಮ ಬೀದಿಯ ಜನ ಕೆಟ್ಟವರಲ್ಲ, ದಡ್ಡರೂ ಅಲ್ಲ. ಕಂಡದ್ದಕ್ಕೆ ತಮಗೆ ಗೊತ್ತಿದ್ದ ಹೆಸರು ಕೊಟ್ಟರು.

ಭಾಷೆ ಬಹುತೇಕ ಜನರಲ್ಲಿ ಎಡಮೆದುಳಿನಲ್ಲಿದೆ ಎಂದ ಮಾತ್ರಕ್ಕೆ ಬಲಮೆದುಳಿನ ಸ್ಟ್ರೋಕ್ ಸುಲಭದ್ದು ಎಂದುಕೊಳ್ಳಬೇಡಿ. ಗುರುತಿಸುವುದಕ್ಕೆ ಅದು ಇನ್ನೂ ಕಷ್ಟ. ಬಲ ಪಾರ್ಶ್ವಭಾಗದಲ್ಲಿ, ಅಂದರೆ ನೆತ್ತಿಯ ಹಿಂಬದಿಯ ಪಕ್ಕದಲ್ಲಿ, ಸುತ್ತಲಿನ ಜಾಗವನ್ನು ಗಮನದಲ್ಲಿಟ್ಟುಕೊಳ್ಳುವ ವ್ಯವಸ್ಥೆ ಇದೆ. ಅದು ಕೆಟ್ಟರೆ ಎಡಗಡೆಯ ಲೋಕವೇ ಮನಸ್ಸಿನಿಂದ ಅಳಿಸಿಹೋಗುತ್ತದೆ. ಕಣ್ಣು ಚೆನ್ನಾಗಿರುತ್ತದೆ, ಗಮನ ಹೋಗುವುದಿಲ್ಲ. ಬಾಳೆಲೆಯ ಬಲ ಅರ್ಧವನ್ನು ಊಟ ಮಾಡಿ, ಎಡ ಅರ್ಧದಲ್ಲಿ ಬಡಿಸಿದ್ದನ್ನು ಹಾಗೇ ಬಿಟ್ಟು, ಇನ್ನೂ ಹಸಿವು ಎನ್ನುತ್ತಾರೆ. ಗಡ್ಡ ಬಲಗೆನ್ನೆಗೆ ಮಾತ್ರ ಮಾಡಿಕೊಳ್ಳುತ್ತಾರೆ. ಕೆಲವರಿಗೆ ಎಡಗೈ ಬಿದ್ದಿದ್ದರೂ ಬಿದ್ದಿರುವುದೇ ತಿಳಿಯುವುದಿಲ್ಲ. ಕೈ ಎತ್ತಿ ಅಂದರೆ, ಎತ್ತಿದ್ದೀನಲ್ಲ ಎನ್ನುತ್ತಾರೆ. ಸುಳ್ಳು ಹೇಳುತ್ತಿಲ್ಲ. ತನ್ನ ಮೈಯ ಸ್ಥಿತಿಯನ್ನು ತನಗೆ ತಿಳಿಸುವ ಜಾಗವೇ ಪೆಟ್ಟು ತಿಂದಿದೆ. ಆದ್ದರಿಂದ "ನನಗೇನೂ ಆಗಿಲ್ಲ, ಸುಮ್ನಿರಿ" ಎಂದು ರೋಗಿ ಗದರಿದರೆ ಅದನ್ನು ನಂಬಿ ಕೂರಬಾರದು. ನಮ್ಮ ಮನೆಗಳಲ್ಲಿ ಹಿರಿಯರು ಬೇಡ ಅಂದರೆ ಎದುರಾಡುವುದು ಕಷ್ಟ. ಈ ಒಂದು ವಿಷಯದಲ್ಲಿ ಎದುರಾಡಬೇಕು.

ತಲೆಯ ಹಿಂಬದಿಯಲ್ಲಿ, ದಿಂಬಿಗೆ ಒರಗುವ ಕಡೆ, ನೋಟದ ಜಾಗ. ಅಲ್ಲಿ ಒಂದು ಪಕ್ಕ ಕೆಟ್ಟರೆ ಎರಡೂ ಕಣ್ಣಿನ ನೋಟದಲ್ಲಿ ಒಂದೇ ಕಡೆಯ ಅರ್ಧ ಮಾಯವಾಗುತ್ತದೆ. ಬಾಗಿಲಿನ ಚೌಕಟ್ಟಿಗೆ ಒಂದೇ ಭುಜ ಮತ್ತೆಮತ್ತೆ ತಾಗುತ್ತದೆ. ಜನ ಕನ್ನಡಕದಂಗಡಿಗೆ ಹೋಗುತ್ತಾರೆ. ಕಣ್ಣಿನಲ್ಲಿ ದೋಷ ಸಿಗುವುದಿಲ್ಲ.

ನನಗೆ ಹೆಚ್ಚು ಭಯ ಹುಟ್ಟಿಸುವುದು ಅನುಮಸ್ತಿಷ್ಕ ಮತ್ತು ಮೆದುಳಿನ ಕಾಂಡ. ಹಿಂದಲೆಯ ಕೆಳಗೆ, ಕತ್ತು ಶುರುವಾಗುವಲ್ಲಿ ಇರುವವು. ಅನುಮಸ್ತಿಷ್ಕದ ತೂಕ ಇಡೀ ಮೆದುಳಿನ ಹತ್ತನೇ ಒಂದು ಪಾಲು. ಆದರೆ ಬ್ರೆಜಿಲ್‌ನ ವಿಜ್ಞಾನಿ ಸುಜಾನಾ ಹರ್ಕ್ಯುಲಾನೊ-ಹೌಜೆಲ್ ತಂಡ 2009ರಲ್ಲಿ ಪ್ರಕಟಿಸಿದ ಎಣಿಕೆಯಂತೆ ಮನುಷ್ಯನ ಮೆದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿ ಇರುವುದು ಇಲ್ಲೇ. ತುಂಬಿದ ಬಿಂದಿಗೆ ಸೊಂಟದ ಮೇಲಿಟ್ಟು ಗದ್ದೆ ಬದುವಿನ ಮೇಲೆ ನಡೆಯುತ್ತೇವಲ್ಲ, ಆ ಹದ ಇದರ ಕೆಲಸ. ಕೈಗೆ ಬಲ ಕೊಡುವುದು ಬೇರೆ ಜಾಗ. ಎಷ್ಟು ಬಲ, ಯಾವ ಕ್ಷಣ, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಅನುಮಸ್ತಿಷ್ಕ ನೋಡಿಕೊಳ್ಳುತ್ತದೆ. ಇಲ್ಲಿ ರಕ್ತ ನಿಂತರೆ ಕೈಕಾಲಿನ ಬಲ ಹಾಗೇ ಇರುತ್ತದೆ. ತಲೆ ತಿರುಗುತ್ತದೆ, ವಾಂತಿಯಾಗುತ್ತದೆ, ನಿಂತರೆ ಒಂದು ಕಡೆಗೆ ವಾಲುತ್ತಾರೆ, ನಾಲಿಗೆ ತೊದಲುತ್ತದೆ. ಎಡಬಲ ಅದಲುಬದಲೂ ಇಲ್ಲ, ಕೆಟ್ಟ ಕಡೆಯ ಕೈಯೇ ತಡವರಿಸುತ್ತದೆ.

ತಲೆಸುತ್ತು, ವಾಂತಿ ಅಂದರೆ ನಮ್ಮಲ್ಲಿ ಏನನ್ನುತ್ತಾರೆ? ಪಿತ್ತ. ನಿಂಬೆಹಣ್ಣಿನ ಪಾನಕ ಕುಡಿಸಿ ಮಲಗಿಸುತ್ತಾರೆ. ಹೆಚ್ಚಿನ ಸಲ ಅದು ಕಿವಿಯೊಳಗಿನ ತೊಂದರೆ ಅಥವಾ ಹೊಟ್ಟೆಯ ತೊಂದರೆಯೇ ಆಗಿರುತ್ತದೆ ಎನ್ನುವುದೂ ನಿಜ. ಅದಕ್ಕೇ ಇದು ಕಣ್ತಪ್ಪುತ್ತದೆ. ದಿಢೀರನೆ ಶುರುವಾಗಿ, ಹಿಡಿದುಕೊಳ್ಳದೆ ನಿಲ್ಲಲು ಆಗುತ್ತಿಲ್ಲವೆಂದರೆ, ಒಂದು ಎರಡಾಗಿ ಕಾಣುತ್ತಿದ್ದರೆ, ಮಾತು ತೊದಲಿದರೆ, ನುಂಗಲು ಕಷ್ಟವಾದರೆ ಅದನ್ನು ಪಿತ್ತವೆಂದು ಮಲಗಿಸಬಾರದು. ಹಿಂದಲೆಯ ಆ ಗೂಡು ಇಕ್ಕಟ್ಟಿನ ಜಾಗ. ಅಲ್ಲಿ ಊತ ಬಂದರೆ ಪಕ್ಕದಲ್ಲೇ ಇರುವ ಮೆದುಳಿನ ಕಾಂಡ ಒತ್ತಿಹೋಗುತ್ತದೆ. ಉಸಿರಾಟ, ಎದೆಬಡಿತದ ಹಿಡಿತ, ನುಂಗುವುದು, ಎಚ್ಚರವಾಗಿರುವುದು ಎಲ್ಲ ಹೆಬ್ಬೆರಳಿನಷ್ಟು ದಪ್ಪದ ಆ ಕಾಂಡದಲ್ಲೇ ನಡೆಯುತ್ತವೆ. ಅದರ ನಡುಭಾಗವಾದ ಪಾನ್ಸ್‌ನ ಮುಂಬದಿ ಪೂರ್ತಿ ಕೆಟ್ಟರೆ ಮನುಷ್ಯ ಸಂಪೂರ್ಣ ಎಚ್ಚರದಲ್ಲಿದ್ದೂ, ಎಲ್ಲವನ್ನೂ ಕೇಳುತ್ತಾ ತಿಳಿಯುತ್ತಾ ಇದ್ದೂ, ಕಣ್ಣನ್ನು ಮೇಲೆ ಕೆಳಗೆ ಆಡಿಸುವುದು ಬಿಟ್ಟು ಇನ್ನೇನೂ ಮಾಡಲಾರ. ಮಾತಾಡದ ರೋಗಿಯ ಮುಂದೆ ನಿಂತು "ಇನ್ನು ಇವರದ್ದು ಮುಗೀತು" ಎನ್ನುವವರು ಇದನ್ನು ನೆನಪಿಡಬೇಕು.

ಉಳಿದ ಜಾಗಗಳನ್ನು ಬೇಗ ದಾಟುತ್ತೇನೆ. ಹಣೆಯ ಹಿಂದಿನ ಭಾಗ ಯೋಜನೆ, ತಾಳ್ಮೆ, ಸಭ್ಯತೆಯದ್ದು. 1848ರಲ್ಲಿ ಅಮೆರಿಕದ ರೈಲ್ವೆ ಕೆಲಸಗಾರ ಫಿನಿಯಾಸ್ ಗೇಜ್‌ನ ತಲೆಯೊಳಗೆ ಕಬ್ಬಿಣದ ಸಲಾಕೆ ತೂರಿಹೋಯಿತು. ಅವನು ಬದುಕಿದ, ನಡೆದ, ಮಾತಾಡಿದ. ಆದರೆ ಸ್ವಭಾವ ಬದಲಾಯಿತು, ಅವನು ಮೊದಲಿನ ಗೇಜ್ ಅಲ್ಲ ಎಂದು ಗೆಳೆಯರು ಹೇಳಿದರು. ಕಿವಿಯ ಮಟ್ಟದಲ್ಲಿ, ಮೆದುಳಿನ ಆಳದಲ್ಲಿರುವ ಹಿಪ್ಪೊಕ್ಯಾಂಪಸ್ ಹೊಸ ನೆನಪುಗಳನ್ನು ಕೂಡಿಡುತ್ತದೆ. 1953ರಲ್ಲಿ ಫಿಟ್ಸ್ ನಿಲ್ಲಿಸಲೆಂದು ಹೆನ್ರಿ ಮೊಲೈಸನ್ ಎಂಬುವನ ಮೆದುಳಿನ ಎರಡೂ ಕಡೆಯಿಂದ ಆ ಭಾಗವನ್ನು ತೆಗೆದರು. 2008ರಲ್ಲಿ ಸಾಯುವವರೆಗೂ ಅವನಿಗೆ ಹೊಸ ಘಟನೆಗಳು ನೆನಪಿನಲ್ಲಿ ನಿಲ್ಲಲಿಲ್ಲ. ನಡುವಿನ ಥಲಾಮಸ್ ಬಹುತೇಕ ಎಲ್ಲ ಇಂದ್ರಿಯಗಳ ಸುದ್ದಿಯನ್ನು ಮೇಲಕ್ಕೆ ದಾಟಿಸುವ ಜಂಕ್ಷನ್. ಅಲ್ಲಿನ ಸಣ್ಣ ಸ್ಟ್ರೋಕ್‌ನಲ್ಲಿ ಅರ್ಧ ಮೈ ಜೋಮು ಹಿಡಿದ ಹಾಗಾಗುತ್ತದೆ. ಮಲಗಿದ ಭಂಗಿ ಸರಿ ಇರಲಿಲ್ಲವೇನೋ ಎಂದು ಜನ ಕೈ ಕೊಡವಿಕೊಳ್ಳುತ್ತಾರೆ.

ಇಷ್ಟೊಂದು ಬೇರೆಬೇರೆ ಚಹರೆಗಳನ್ನು ಒಂದುಗೂಡಿಸುವ ಗುರುತು ಯಾವುದು? ದಿಢೀರನೆ ಎಂಬ ಪದ. ಐದು ನಿಮಿಷದ ಹಿಂದೆ ಸರಿಯಿದ್ದದ್ದು ಈಗ ಇಲ್ಲ. ಮುಖ, ಕೈ, ಕಾಲು, ಮಾತು, ತಿಳುವಳಿಕೆ, ನೋಟ, ಸಮತೋಲ ಇವುಗಳಲ್ಲಿ ಯಾವುದಾದರೊಂದು ದಿಢೀರನೆ ಹೋದರೆ ಅದು ಸ್ಟ್ರೋಕ್ ಎಂದೇ ಹೊರಡಬೇಕು. ಅಲ್ಲವೆಂದು ಆಸ್ಪತ್ರೆಯವರು ಹೇಳಲಿ. ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ತುಂಬಾ ಇಳಿದಾಗಲೂ ಇದೇ ರೀತಿ ಕಾಣಬಹುದು. ಅದನ್ನೂ ಅಲ್ಲೇ ಮೊದಲು ಪರೀಕ್ಷಿಸುತ್ತಾರೆ.

ಹೊರಡುವ ಅವಸರ ಯಾಕೆ ಎಂದರೆ, ಈಗ ಔಷಧಿ ಇದೆ. ಮೊದಲು ಇರಲಿಲ್ಲ. 1995ರಲ್ಲಿ ಅಮೆರಿಕದ ಒಂದು ದೊಡ್ಡ ಪ್ರಯೋಗ, ಆಲ್ಟೆಪ್ಲೇಸ್ ಎಂಬ ಹೆಪ್ಪು ಕರಗಿಸುವ ಔಷಧಿಯನ್ನು ಮೂರು ಗಂಟೆಯೊಳಗೆ ರಕ್ತನಾಳಕ್ಕೆ ಕೊಟ್ಟರೆ ಹೆಚ್ಚು ಜನ ತಮ್ಮ ಕಾಲ ಮೇಲೆ ನಿಲ್ಲುತ್ತಾರೆ ಎಂದು ತೋರಿಸಿತು. 2008ರಲ್ಲಿ ಯುರೋಪಿನ ಪ್ರಯೋಗ ಅದನ್ನು ನಾಲ್ಕೂವರೆ ಗಂಟೆಗೆ ವಿಸ್ತರಿಸಿತು. ಈಗ ಟೆನೆಕ್ಟೆಪ್ಲೇಸ್ ಎಂಬ ಇನ್ನೊಂದು ಔಷಧಿಯೂ ಇದೆ, ಒಂದೇ ಸಲಕ್ಕೆ ಚುಚ್ಚಿ ಮುಗಿಸಬಹುದು. ದೊಡ್ಡ ನಾಳ ಮುಚ್ಚಿದ್ದರೆ ತೊಡೆಸಂದಿಯ ಅಥವಾ ಮಣಿಕಟ್ಟಿನ ನಾಳದಿಂದ ತೆಳು ಕೊಳವೆ ತೂರಿಸಿ ಹೆಪ್ಪನ್ನೇ ಎಳೆದು ತೆಗೆಯುತ್ತಾರೆ. 2018ರ ಪ್ರಯೋಗಗಳ ನಂತರ, ಅಂಚಿನ ಗದ್ದೆ ಇನ್ನೂ ಹಸಿರಾಗಿದೆ ಎಂದು ಸ್ಕ್ಯಾನಿನಲ್ಲಿ ಕಂಡ ಆಯ್ದ ರೋಗಿಗಳಿಗೆ 24 ಗಂಟೆಯವರೆಗೂ ಇದನ್ನು ಮಾಡುತ್ತಾರೆ. ಆ 24 ಗಂಟೆಯನ್ನು ಕೇಳಿ ಯಾರೂ ನಿಧಾನ ಮಾಡಬಾರದು. ಅದು ಕೆಲವರಿಗೆ ಮಾತ್ರ ಸಿಗುವ ಅವಕಾಶ.

ಸ್ಟ್ರೋಕ್‌ಗಳಲ್ಲಿ ಹೆಚ್ಚಿನವು ನಾಳ ಮುಚ್ಚಿ ಆಗುವಂಥವು, ಉಳಿದವು ನಾಳ ಒಡೆದು ಆಗುವಂಥವು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ಮುಚ್ಚಿದ್ದಕ್ಕೆ ಕೊಡುವ ಔಷಧಿಯನ್ನು ಒಡೆದದ್ದಕ್ಕೆ ಕೊಟ್ಟರೆ ರಕ್ತ ಇನ್ನಷ್ಟು ಹರಿಯುತ್ತದೆ. ಇದನ್ನು ಬೇರೆ ಮಾಡುವುದಕ್ಕೇ ಮೊದಲು ಸಿ.ಟಿ. ಸ್ಕ್ಯಾನ್. ಒಡೆದ ನಾಳದಿಂದ ಹರಿದ ರಕ್ತ ಸಿ.ಟಿ.ಯಲ್ಲಿ ತಕ್ಷಣ ಬೆಳ್ಳಗೆ ಕಾಣುತ್ತದೆ. ಮುಚ್ಚಿದ ನಾಳದಿಂದಾದ ಹಾನಿ ಮೊದಲ ಕೆಲವು ಗಂಟೆ ಕಾಣದೆಯೂ ಇರಬಹುದು, ಹಿಂದಲೆಯ ಭಾಗದಲ್ಲಂತೂ ಇನ್ನೂ ಕಷ್ಟ. "ಸ್ಕ್ಯಾನ್ ನಾರ್ಮಲ್ ಬಂತು, ಏನೂ ಇಲ್ಲವಂತೆ" ಎಂದು ಮನೆಗೆ ವಾಪಸ್ ಹೊರಡುವವರನ್ನು ನಾನೇ ನೋಡಿದ್ದೇನೆ. ನಾಳ ಒಡೆದಿಲ್ಲ ಎಂದಷ್ಟೇ ಅದರ ಅರ್ಥ. ಲಕ್ಷಣ ಉಳಿದಿದ್ದರೆ ನರರೋಗದ ವೈದ್ಯರಿಗೆ ತೋರಿಸದೆ ಹೊರಡಬಾರದು.

ಇದೇ ಕಾರಣಕ್ಕೆ ಮನೆಯಲ್ಲಿ ಆಸ್ಪಿರಿನ್ ಕೊಡಬಾರದು. ಬಿ.ಪಿ. ಇಳಿಸುವ ಮಾತ್ರೆಯನ್ನೂ ಅವಸರದಲ್ಲಿ ಕೊಡಬಾರದು. ಬಾಡುತ್ತಿರುವ ಅಂಚಿಗೆ ಬಸಿನೀರು ತಳ್ಳುತ್ತಿರುವುದು ಆ ಹೆಚ್ಚಿದ ಒತ್ತಡವೇ. ದಿಢೀರನೆ ಇಳಿಸಿದರೆ ಅದೂ ಒಣಗಬಹುದು. ಎಷ್ಟು ಇಳಿಸಬೇಕು, ಯಾವಾಗ ಇಳಿಸಬೇಕು ಎಂಬುದು ಸ್ಕ್ಯಾನ್ ನೋಡಿದ ಮೇಲಿನ ಲೆಕ್ಕ. ನೀರು, ಕಾಫಿಯನ್ನೂ ಕುಡಿಸಬೇಡಿ. ನುಂಗುವ ನರ ಕೆಟ್ಟಿದ್ದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. 108ಕ್ಕೆ ಫೋನ್ ಮಾಡಿ. ರೋಗಿಯನ್ನು ಕೊನೆಯದಾಗಿ ಸರಿಯಾಗಿ ಕಂಡದ್ದು ಎಷ್ಟು ಗಂಟೆಗೆ ಎಂದು ಗುರುತು ಹಾಕಿಕೊಳ್ಳಿ, ವೈದ್ಯರು ಮೊದಲು ಕೇಳುವುದು ಅದನ್ನೇ. ಎದ್ದಾಗಲೇ ಹೀಗಿದ್ದರು ಎಂದಾದರೆ, ರಾತ್ರಿ ಮಲಗಿದ ಹೊತ್ತೇ ಲೆಕ್ಕ.

ಹತ್ತು ನಿಮಿಷದಲ್ಲಿ ತಾನಾಗೇ ಸರಿಹೋದರೂ ಅವತ್ತೇ ಹೋಗಬೇಕು. ಹೆಪ್ಪು ಬಂದು, ಸಿಕ್ಕಿಕೊಂಡು, ಕರಗಿಹೋಗಿದೆ ಅಷ್ಟೇ. ದೊಡ್ಡದು ಬರುವ ಸಂಭವ ಮುಂದಿನ ಕೆಲವೇ ದಿನಗಳಲ್ಲಿ ಬಹಳ ಜಾಸ್ತಿ.

ಇಷ್ಟು ಹೇಳಿದ ಮೇಲೆ ಒಂದು ಕಹಿ ಸತ್ಯವನ್ನೂ ಹೇಳಬೇಕು. ಹಳ್ಳಿಯಿಂದ ಹೊರಟವರಿಗೆ ನಾಲ್ಕೂವರೆ ಗಂಟೆ ಅನ್ನುವುದು ದೊಡ್ಡ ಸಮಯವೇನಲ್ಲ. ಹತ್ತಿರದ ಆಸ್ಪತ್ರೆಯಲ್ಲಿ ಸಿ.ಟಿ. ಇಲ್ಲ, ಇರುವಲ್ಲಿ ರಾತ್ರಿ ನಡೆಸುವವರಿಲ್ಲ, ಇನ್ನೊಂದು ಕಡೆ ಕಳಿಸುವ ಹೊತ್ತಿಗೆ ಗಡುವು ಮುಗಿದಿರುತ್ತದೆ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮ ಶುರುಮಾಡಿತು. ಮೊದಲು ಕೋಲಾರ, ಚಿಕ್ಕಬಳ್ಳಾಪುರ ಮತ್ತು ಬೆಂಗಳೂರಿನಲ್ಲಿ ಆರಂಭಿಸಿ, ನಂತರ ಬೇರೆ ಜಿಲ್ಲೆಗಳ ಆಸ್ಪತ್ರೆಗಳಲ್ಲೂ ಮೆದುಳು ಆರೋಗ್ಯ ಕ್ಲಿನಿಕ್‌ಗಳನ್ನು ತೆರೆಯುವ ಕೆಲಸ ಅದರದು. ಮೊದಲು ನೋಡುವ ವೈದ್ಯರಿಗೇ ಸ್ಟ್ರೋಕ್, ಮೂರ್ಛೆರೋಗ, ಮರೆಗುಳಿತನ ಗುರುತಿಸುವ ತರಬೇತಿ ಕೊಡುವುದು ನನಗೆ ಅದರಲ್ಲಿ ಎಲ್ಲಕ್ಕಿಂತ ಮುಖ್ಯ ಎನಿಸುವ ಭಾಗ. ಚಿಕ್ಕಪ್ಪ ಹೋದ ಕ್ಲಿನಿಕ್‌ನಲ್ಲಿ ಕಮ್ಮಿ ಬಿದ್ದದ್ದು ಯಂತ್ರ ಅಲ್ಲ. ಕೈಕಾಲು ಗಟ್ಟಿಯಿದ್ದರೂ ಇದು ಸ್ಟ್ರೋಕ್ ಆಗಿರಬಹುದು ಎಂಬ ಒಂದು ಅನುಮಾನ ಅಲ್ಲಿ ಹುಟ್ಟಲಿಲ್ಲ. ಆ ಅನುಮಾನ ಆಶಾ ಕಾರ್ಯಕರ್ತೆಗೆ, ಅಂಗನವಾಡಿ ಟೀಚರಿಗೆ, ಡೈರಿ ಕಾರ್ಯದರ್ಶಿಗೆ ಬಂದರೂ ಸಾಕು. ಬೆಳಿಗ್ಗೆ ಐದೂವರೆಗೆ ಚಿಕ್ಕಪ್ಪನನ್ನು ಮೊದಲು ಕಂಡದ್ದು ಡೈರಿಯವರೇ.

ಸತ್ತ ನರಕೋಶ ಮತ್ತೆ ಹುಟ್ಟುವುದಿಲ್ಲ. ಆದರೆ ಉಳಿದ ನರಕೋಶಗಳು ಹೊಸ ದಾರಿ ಮಾಡಿಕೊಳ್ಳುತ್ತವೆ. ಮೊದಲ ಕೆಲವು ತಿಂಗಳು ಇದು ಚುರುಕಾಗಿ ನಡೆಯುತ್ತದೆ, ಆಮೇಲೆ ನಿಧಾನವಾದರೂ ನಿಲ್ಲುವುದಿಲ್ಲ. ದಾರಿ ಮೂಡುವುದು ನಡೆದಷ್ಟೂ. ಕೈಗೆ ಫಿಸಿಯೋಥೆರಪಿ ಬೇಕು ಎಂದು ಈಗ ಜನಕ್ಕೆ ಗೊತ್ತು. ಮಾತಿಗೂ ಹಾಗೆಯೇ ಅಭ್ಯಾಸ ಬೇಕು ಎಂದು ಗೊತ್ತಿಲ್ಲ. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ನಮ್ಮ ಮೈಸೂರಿನಲ್ಲೇ ಇದೆ. ಮಾತು ಕಳೆದುಕೊಂಡವರಿಗೆ ಕನ್ನಡದಲ್ಲೇ ಪರೀಕ್ಷೆ, ಕನ್ನಡದಲ್ಲೇ ಅಭ್ಯಾಸ ಸಿಗುತ್ತದೆ. ಮೂರು ಗಂಟೆ ದೂರದಲ್ಲಿದ್ದರೂ ಎಷ್ಟೋ ಮನೆಗಳವರು ಹೋಗುವುದಿಲ್ಲ. ಮಾತು ಹೋಯಿತು, ಇನ್ನೇನು ಮಾಡುವುದು ಎಂದು ಕೈಚೆಲ್ಲುತ್ತಾರೆ.

ಚಿಕ್ಕಪ್ಪ ಈಗ ಹಸುವನ್ನು ಹಸು ಎನ್ನುತ್ತಾರೆ. ಚಿಕ್ಕಮ್ಮನ ಹೆಸರು ಒಂದೊಂದು ದಿನ ಸರಿಯಾಗಿ ಬರುತ್ತದೆ, ಒಂದೊಂದು ದಿನ ತಂಗಿಯ ಹೆಸರಾಗುತ್ತದೆ. ನಾವು ನಿಧಾನವಾಗಿ, ಒಂದು ಸಲಕ್ಕೆ ಒಂದೇ ವಿಷಯ, ಕೈಸನ್ನೆ ಸೇರಿಸಿ ಹೇಳಿದರೆ ತಿಳಿದುಕೊಳ್ಳುತ್ತಾರೆ. ಎಲ್ಲರೂ ಒಟ್ಟಿಗೆ ಮಾತಾಡಿದರೆ ಎದ್ದು ಹೋಗುತ್ತಾರೆ. ಚಿಕ್ಕಮ್ಮ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ 108 ಎಂದೂ, ಅದರ ಕೆಳಗೆ ರಾತ್ರಿಯೂ ಸಿ.ಟಿ. ಮಾಡುವ ಆಸ್ಪತ್ರೆಯ ನಂಬರನ್ನೂ ದೊಡ್ಡದಾಗಿ ಬರೆದಿದ್ದಾರೆ. ಚಿಕ್ಕಪ್ಪನಿಗೆ ಅದನ್ನು ಓದಲು ಇನ್ನೂ ಬರುವುದಿಲ್ಲ. ದಿನಾ ಸಂಜೆ ಅದರ ಮುಂದೆ ನಿಂತು ಒಂದೊಂದೇ ಅಂಕೆಯ ಮೇಲೆ ಬೆರಳಿಡುತ್ತಾರೆ. ಚಿಕ್ಕಮ್ಮ ಹೇಳುತ್ತಾರೆ, ಅವರು ಹಿಂದಿನಿಂದ ಹೇಳುತ್ತಾರೆ. ಹೋದ ವಾರ ಒಂದು ಮತ್ತು ಸೊನ್ನೆಯನ್ನು ಅವರೇ ಮೊದಲು ಹೇಳಿದರಂತೆ.